ಹನ್ನೊಂದು ಗಂಟೆಯ ನಗು

ಈ ಕಥೆಯನ್ನು ಹೇಳಬೇಕಾದವಳು ಅತ್ತಿಗೆ. ಅವಳಿಗೆ ಪುರುಸೊತ್ತಿಲ್ಲ, ನನಗೆ ಧೈರ್ಯ ಸಾಲದು. ಯಾರಾದರೂ ಹೇಳಲೇಬೇಕಲ್ಲ ಎಂದು ಬಾಯಿ ತೆರೆದಿದ್ದೇನೆ. ನನಗೆ ವೈದ್ಯಶಾಸ್ತ್ರ ಗೊತ್ತಿಲ್ಲ. ಆ ಬೆಂಚಿನ ಮುಂದೆ ಕೂತು ಬಗ್ಗಿದ ಬೆನ್ನೂ ನನ್ನದಲ್ಲ. ಕೇಳಿದ್ದನ್ನು ಮತ್ತೊಮ್ಮೆ ಹೋಗಿ ಕೇಳಿ, ಹೌದು ಅನ್ನಿಸಿಕೊಂಡು ಬರೆದಿದ್ದೇನೆ. ಆದರೂ ಎಲ್ಲಾದರೂ ತಪ್ಪಿದ್ದರೆ ದೊಡ್ಡ ಮನಸ್ಸು ಮಾಡಿ ಹೊಟ್ಟೆಗೆ ಹಾಕಿಕೊಳ್ಳಿ.

ಅತ್ತಿಗೆ ಎಂದರೆ ಇಡೀ ಕಾರ್ಖಾನೆಗೇ ಅತ್ತಿಗೆ. ಅವಳ ನಾದಿನಿ ಪಕ್ಕದಲ್ಲೇ ಕೂತು ಹೊತ್ತಿಲ್ಲ ಗೊತ್ತಿಲ್ಲ "ಅತ್ತಿಗೆ, ಅತ್ತಿಗೆ" ಎಂದು ಕೂಗುತ್ತಿದ್ದಳು. ಆ ಕೂಗು ಉಳಿದವರ ಬಾಯಿಗೂ ಹತ್ತಿತು. ಅವಳಿಗಿಂತ ಎಷ್ಟೋ ವರ್ಷ ದೊಡ್ಡವನಾದ ಮೇಸ್ತ್ರಿ ಕೂಡ "ಏನ್ ಅತ್ತಿಗೆ, ಕೈಗೆ ನಿದ್ದೆ ಬಂತಾ?" ಎನ್ನುತ್ತಿದ್ದ. ನಾದಿನಿಗೆ ಪಟಾಕಿ ಎಂದು ಹೆಸರು. ಯಾಕೆ ಎಂದು ಕೇಳುವವರು ಅವಳ ಜೊತೆ ಒಂದು ಜಗಳ ಆಡಿ ನೋಡಬೇಕು.

ಕಾರ್ಖಾನೆ ಎಂದಾಕ್ಷಣ ಹೊಗೆ ಕೊಳವೆ, ದೊಡ್ಡ ಗೇಟು ಅಂದುಕೊಳ್ಳಬೇಡಿ. ಉಗ್ರಾಣದ ಮೇಲೆ ಒಂದು ಉದ್ದನೆಯ ಕೋಣೆ. ಹತ್ತಲು ಕಡಿದಾದ ಕಬ್ಬಿಣದ ಮೆಟ್ಟಿಲು. ಕೆಳಗೆ ಗಂಡಸರು ಚರ್ಮ ಕತ್ತರಿಸುತ್ತಾರೆ. ಮೇಲೆ ಹೆಂಗಸರು ಶೂಗೆ ಅಟ್ಟೆ ಅಂಟಿಸುತ್ತಾರೆ. ಅಂಟಿಗೆ ಅಲ್ಲಿ ಸೊಲ್ಯೂಷನ್ ಎನ್ನುತ್ತಾರೆ. ಅಟ್ಟೆಗೊಂದು ಕೈ ಹಚ್ಚಬೇಕು, ಶೂ ತಳಕ್ಕೊಂದು ಕೈ ಹಚ್ಚಬೇಕು, ಎರಡೂ ಕೆನೆಗಟ್ಟುವವರೆಗೆ ಕಾಯಬೇಕು, ಆಮೇಲೆ ಮೊಣಕಾಲ ಮೇಲಿಟ್ಟು ಎದೆಯ ಭಾರವೆಲ್ಲ ಹಾಕಿ ಒತ್ತಬೇಕು. ಬೆರಳಿನ ಚರ್ಮದ ಮೇಲೆ ಇನ್ನೊಂದು ಚರ್ಮ ಬೆಳೆಯುತ್ತದೆ. ಸಂಜೆ ಅದನ್ನು ಹಲ್ಲಿನಿಂದ ಕಚ್ಚಿ ಎಳೆದರೆ ಒಳಗಿನ ಸ್ವಂತ ಚರ್ಮವೂ ಸ್ವಲ್ಪ ಬರುತ್ತದೆ.

ಕೋಣೆಗೆ ಕಿಟಕಿಗಳಿವೆ. ಎಲ್ಲಕ್ಕೂ ಮೊಳೆ ಹೊಡೆದಿದೆ. ಕಿಟಕಿ ತೆರೆದರೆ ಬೀದಿಯ ದೂಳು ಬಂದು ಹಸಿ ಸೊಲ್ಯೂಷನ್ ಮೇಲೆ ಕೂರುತ್ತದೆ, ಶೂ ಬಿಟ್ಟುಕೊಳ್ಳುತ್ತದೆ. ಫ್ಯಾನ್ ಇಲ್ಲ. ಗಾಳಿ ತಾಗಿದರೆ ಸೊಲ್ಯೂಷನ್ ಬೇಗ ಒಣಗುತ್ತದೆ, ಮಾಲು ಹಾಳಾಗುತ್ತದೆ. ಶೂಗೆ ದೂಳಾಗದು, ಗಾಳಿಯಾಗದು. ಅಷ್ಟು ನಾಜೂಕು. ಹೆಂಗಸರಿಗೆ ಏನಾದರೂ ನಡೆಯುತ್ತದೆ.

ಬೆಳಿಗ್ಗೆ ಎಲ್ಲರೂ ಮುಖ ಗಂಟಿಕ್ಕಿಕೊಂಡೇ ಬರುತ್ತಾರೆ. ಡಬ್ಬಿಗಳ ಮುಚ್ಚಳ ತೆಗೆದಾಗ ಕಣ್ಣು ಉರಿಯುತ್ತದೆ, ತಲೆಯೊಳಗೆ ಯಾರೋ ಸುತ್ತಿಗೆ ಹಿಡಿಯುತ್ತಾರೆ. ಆಮೇಲೆ ಸುತ್ತಿಗೆ ದೂರ ಹೋಗುತ್ತದೆ. ಹನ್ನೊಂದರ ಹೊತ್ತಿಗೆ ಯಾರಾದರೂ ಒಬ್ಬಳು ಕಿಸಕ್ಕನೆ ನಗುತ್ತಾಳೆ. ಯಾಕೆ ಎಂದು ಕೇಳಿದವಳೂ ನಗುತ್ತಾಳೆ. ನೋಡನೋಡುತ್ತ ಎರಡು ಸಾಲು ಬೆಂಚೂ ನಕ್ಕು ನಕ್ಕು ಮಗುಚಿಕೊಳ್ಳುತ್ತದೆ. ಅದಕ್ಕೆ ಅವರೇ ಇಟ್ಟ ಹೆಸರು ಹನ್ನೊಂದು ಗಂಟೆಯ ನಗು. ಆ ನಗುವಿಗೆ ಕಾರಣ ಬೇಕಿಲ್ಲ. ಮೇಸ್ತ್ರಿಯ ಬೋಳುತಲೆ ಸಾಕು, ಒಂದು ಎಡಗಾಲಿನ ಶೂ ಸಾಕು.

"ನಗಿ, ನಗಿ, ಆರೋಗ್ಯಕ್ಕೆ ಒಳ್ಳೇದು" ಎನ್ನುತ್ತಿದ್ದ ಮೇಸ್ತ್ರಿ. "ಕೈ ಮಾತ್ರ ನಿಲ್ಲಿಸ್ಬೇಡಿ."

ತಾನು ಮಾತ್ರ ಬಾಗಿಲ ಹೊರಗೆ, ಮೆಟ್ಟಿಲ ಮೇಲೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ.

ಆ ಕೋಣೆಗೆ ಒಂದೇ ಒಂದು ಕಟ್ಟಳೆ. ಬಸುರಿಯರು ಬೇಡ. ಕನಿಕರದಿಂದ ಮಾಡಿದ ಕಟ್ಟಳೆ ಎಂದು ತಿಳಿದರೆ ತಪ್ಪು. ಹಿಂದೊಮ್ಮೆ ಯಾವಳೋ ಒಬ್ಬಳ ಗಂಡ ಮಗು ಹೋಯಿತೆಂದು ಮೆಟ್ಟಿಲ ಕೆಳಗೆ ನಿಂತು ಕೂಗಾಡಿದ್ದನಂತೆ. ಯಜಮಾನ ಅಂದೇ ಹೇಳಿದ, "ನನ್ನ ಕಾರ್ಖಾನೇಲಿ ಹೊಟ್ಟೆ ಕಾಣಬಾರದು." ಆದ್ದರಿಂದ ಮೇಸ್ತ್ರಿ ಒಂದು ಉಪಾಯ ಹೂಡಿದ. ಬಾಗಿಲ ಪಕ್ಕ ಶೂ ಪೆಟ್ಟಿಗೆಗಳನ್ನು ಎರಡು ಗೋಡೆಯಂತೆ ಪೇರಿಸಿ ನಡುವೆ ಒಂದು ಸಂದು ಬಿಟ್ಟ. ಸೋಮವಾರ ಸೋಮವಾರ ಎಲ್ಲರೂ ಅದರೊಳಗೆ ಮೈ ಅಡ್ಡ ಮಾಡಿ ದಾಟಬೇಕು. ಪೆಟ್ಟಿಗೆ ಅಲುಗಿದರೆ ಕೆಲಸ ಹೋಯಿತು.

"ನಾನು ದಪ್ಪ, ಮೇಸ್ತ್ರಿ. ಹುಟ್ಟಾ ದಪ್ಪ" ಎಂದು, ಶೂ ದಾರದ ತೂತುಗಳಿಗೆ ಕಣ್ಣುಗೂಡು ಹಾಕುವ ಅಜ್ಜಿ ಜಗಳಕ್ಕೆ ನಿಂತಿದ್ದಳು. "ಈ ವಯಸ್ಸಲ್ಲಿ ಬಸುರಿ ಆದ್ರೆ ಪೇಪರ್‌ನಲ್ಲಿ ಬರುತ್ತೆ."

"ನಿನ್ನ ಬಿಟ್ಟಿದ್ದೀನಿ ಹೋಗಜ್ಜಿ."

ಉಳಿದವರನ್ನು ಬಿಡುತ್ತಿರಲಿಲ್ಲ. ಉಸಿರು ಎಳೆದು, ಹೊಟ್ಟೆ ಬೆನ್ನಿಗೆ ಅಂಟಿಸಿ, ಹೆಂಗಸರು ಒಬ್ಬೊಬ್ಬರಾಗಿ ದಾಟುವಾಗ ಅವನು ತಲೆ ಒಂದು ಕಡೆ ವಾಲಿಸಿ ನೋಡುತ್ತಿದ್ದ, ದನ ಕೊಳ್ಳುವವನು ನೋಡುವ ಹಾಗೆ. ಮನೆಯಲ್ಲಿ ಇದನ್ನು ಯಾರೂ ಗಂಡಂದಿರಿಗೆ ಹೇಳುತ್ತಿರಲಿಲ್ಲ. ಹೇಳಿ ನಕ್ಕುಬಿಡಲು ಆಗದ ಒಂದೇ ಸಂಗತಿ ಅದು.

ಹೊಟ್ಟೆ ಮುಚ್ಚಿಡುವ ವಿದ್ಯೆ ಆ ಬೆಂಚಿನಲ್ಲಿ ತಾಯಿಯಿಂದ ಮಗಳಿಗೆ ಬರುವ ಹಾಗೆ ಬಂದಿತ್ತು. ಏಪ್ರನ್ನಿನ ದಾರ ಎಲ್ಲಿ ಕಟ್ಟಬೇಕು, ಯಾವಾಗ ಊರಲ್ಲಿ ಅಮ್ಮನಿಗೆ ಹುಷಾರಿಲ್ಲ ಎಂದು ಹೊರಡಬೇಕು, ಎಲ್ಲಕ್ಕೂ ಕ್ರಮವಿತ್ತು. ಅದರ ಕೊನೆಯ ಪಾಠ ಆಸ್ಪತ್ರೆಯದು. ಏನು ಕೆಲಸ ಮಾಡ್ತೀಯಮ್ಮ ಎಂದು ಅಲ್ಲಿ ಕೇಳಿದರೆ ಉತ್ತರ ಒಂದೇ, "ಮನೇಲೇ ಇರ್ತೀನಿ." ಹಿಂದೆ ಯಾವುದೋ ಆಸ್ಪತ್ರೆಯವರು ಒಬ್ಬಳ ವಿಷಯಕ್ಕೆ ಕಾರ್ಖಾನೆಗೆ ಫೋನ್ ಮಾಡಿ ವಿಚಾರಿಸಿದ್ದರು. ಅವಳು ಬಾಣಂತನ ಮುಗಿಸಿ ಬರುವಷ್ಟರಲ್ಲಿ ಅವಳ ಜಾಗದಲ್ಲಿ ಇನ್ನೊಬ್ಬಳು ಕೂತಿದ್ದಳು. ಅಂದಿನಿಂದ ಹೀಗೆ. ಹೆರಿಗೆಗೆ ಹೋಗುವ ಮುಂಚೆ ಸೀಮೆಎಣ್ಣೆ ಹಾಕಿ ಕೈ ಉಜ್ಜಬೇಕು. ವಿಳಾಸ ಕೇಳಿದರೆ ದೊಡ್ಡಮ್ಮನದೋ ಚಿಕ್ಕಮ್ಮನದೋ ಕೊಡಬೇಕು. ಒಬ್ಬಳು ಹೋದ ಆಸ್ಪತ್ರೆಗೆ ಇನ್ನೊಬ್ಬಳು ಹೋಗಬಾರದು. ಹೀಗಾಗಿ ಆಸ್ಪತ್ರೆಗಳ ಮಟ್ಟಿಗೆ ಆ ಬೀದಿಯಲ್ಲಿ ದುಡಿಯುವ ಹೆಂಗಸೇ ಇರಲಿಲ್ಲ. ಎಲ್ಲರೂ ಮನೆಯಲ್ಲಿ ಕಾಲು ಚಾಚಿ ಕೂತ ಮಹಾರಾಣಿಯರು.

ಪಟಾಕಿ ಬಸುರಿಯಾದಾಗ ಈ ಪಾಠವನ್ನೆಲ್ಲ ಹೇಳಿಕೊಟ್ಟವಳು ಅತ್ತಿಗೆಯೇ. ಡಾಕ್ಟರಂತೆ ತಾನೇ ಪ್ರಶ್ನೆ ಕೇಳಿ ಕಲಿಸಿದಳು.

"ಏನು ಕೆಲಸ ಮಾಡ್ತೀಯಮ್ಮ?"

"ಮನೇಲೇ ಇರ್ತೀನಿ ಡಾಕ್ಟ್ರೇ. ಅತ್ತಿಗೆ ಕೈಗೆ ಬಿಸಿನೀರು ಕಾಯಿಸಿ ಕೊಡ್ತೀನಿ, ಅವರ ಬೈಗುಳ ತಿಂತೀನಿ."

"ಅಷ್ಟು ಉದ್ದ ಬೇಡ ಕಣೇ. ಮೊದಲಿನ ಎರಡೇ ಮಾತು ಸಾಕು."

"ನೀವು ನಮ್ಮಣ್ಣನ ಕಟ್ಕೊಂಡಾಗಲೂ ಹೀಗೇ ಎರಡೇ ಮಾತಾಡಿದ್ರಂತೆ. ಆಮೇಲೆ ಅವನಿಗೆ ಒಂದು ಮಾತೂ ಸಿಕ್ಕಿಲ್ಲ."

ಸೋಮವಾರಗಳಲ್ಲಿ ಪಟಾಕಿ ಸಂದಿನ ಹತ್ತಿರ ಬಂದಾಗ ಅತ್ತಿಗೆ ಏನಾದರೊಂದು ಮಾಡುತ್ತಿದ್ದಳು. ಒಂದು ವಾರ ಡಬ್ಬಿ ಬೀಳಿಸಿದಳು. ಒಂದು ವಾರ ಮೇಸ್ತ್ರಿಯ ಬೆನ್ನ ಮೇಲೆ ಹಲ್ಲಿ ಇದೆ ಎಂದಳು. ಅವನು ಅಂಗಿ ಕಳಚಿ ಕುಣಿಯುವಾಗ ಪಟಾಕಿ ಸಂದಿನ ಪಕ್ಕದಿಂದ ಆರಾಮಾಗಿ ಒಳಗೆ ಬಂದು ಕೂತಳು. ಆ ದಿನ ನಗು ಬೆಳಿಗ್ಗೆಯೇ ಶುರುವಾಯಿತು.

ಅತ್ತಿಗೆಯ ಎದೆಯಲ್ಲಿ ಮಾತ್ರ ಒಂದು ಕಲ್ಲಿತ್ತು. ಅವಳ ಎರಡನೆಯ ಮಗು ಹುಟ್ಟಿದ ದಿನವೇ ಹೋಗಿತ್ತು. ಸೂಲಗಿತ್ತಿ ಮಗುವನ್ನು ಬಟ್ಟೆಯಲ್ಲಿ ಪೂರ್ತಿ ಸುತ್ತಿ, "ಮುಖ ಅಷ್ಟೇ ನೋಡು, ಬಿಚ್ಚಬೇಡ" ಎಂದಿದ್ದಳು. ಅತ್ತಿಗೆ ಬಿಚ್ಚಲಿಲ್ಲ. ಆದರೆ ಎತ್ತಿಕೊಂಡಾಗ ಬಟ್ಟೆಯ ಮೇಲಿಂದಲೇ ಕೈಗೆ ತಿಳಿಯಿತು, ಹೊಟ್ಟೆ ಇರಬೇಕಾದ ಕಡೆ ಹೊಟ್ಟೆಯಲ್ಲದ ಒಂದು ಮೆತ್ತನೆಯ, ಒದ್ದೆ ಗಂಟು. ನನ್ನ ಬಸಿರೇ ಸರಿಯಿಲ್ಲ ಎಂದುಕೊಂಡಳು. ಬೆಂಚಿನಲ್ಲಿ, "ಹೊಟ್ಟೇಲೇ ಹೋಗಿತ್ತಂತೆ" ಎಂದಳು. ಯಾರೂ ಹೆಚ್ಚು ಕೇಳಲಿಲ್ಲ. ಆ ಬೆಂಚಿನಲ್ಲಿ ಯಾರೂ ಯಾರನ್ನೂ ಹೆಚ್ಚು ಕೇಳುತ್ತಿರಲಿಲ್ಲ.

ಪಟಾಕಿಯ ಅಮ್ಮನಿಗೆ ಮುಂದಿನ ವಾರ ಹುಷಾರು ತಪ್ಪಬೇಕೆಂದು ಗೊತ್ತುಮಾಡಿಯಾಗಿತ್ತು. ಮಗು ಅಷ್ಟು ತಡೆಯಲಿಲ್ಲ. ಒಂದು ದಿನ ಹನ್ನೊಂದರ ನಗುವಿನ ಮಧ್ಯೆಯೇ ಅವಳಿಗೆ ನೀರು ಹೋಯಿತು. ಸುತ್ತ ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಲೇ ಹೊಟ್ಟೆ ಹಿಡಿದುಕೊಂಡಳು. ಅವಳ ನಗು ಎಲ್ಲಿ ಮುಗಿದು ನರಳಾಟ ಎಲ್ಲಿ ಶುರುವಾಯಿತೋ, ಪಕ್ಕದಲ್ಲಿದ್ದ ಅತ್ತಿಗೆಗೂ ಗೊತ್ತಾಗಲಿಲ್ಲ.

ಮೇಸ್ತ್ರಿ ಮೆಟ್ಟಿಲಿಗೆ ಅಡ್ಡ ನಿಂತ. "ನಾನು ಏನೂ ನೋಡಿಲ್ಲ. ಇವಳು ಇಲ್ಲಿ ಕೆಲಸಕ್ಕೇ ಇಲ್ಲ. ಏಪ್ರನ್ ಬಿಚ್ಚಿ ಕೊಟ್ಟು ಹೋಗಿ."

"ನಿಲ್ಲೋಕೂ ಆಗ್ತಿಲ್ಲ ಅವಳಿಗೆ!"

"ಏಪ್ರನ್ ಮೇಲೆ ಕಾರ್ಖಾನೆ ಹೆಸರಿದೆ. ಬಿಚ್ಚಿ."

ನೋವು ಬಂದು ಬಾಗಿದ ಹೆಂಗಸಿನ ಬೆನ್ನ ಹಿಂದಿನ ಗಂಟನ್ನು ಅತ್ತಿಗೆ ಬಿಚ್ಚಿದಳು. ಸೊಲ್ಯೂಷನ್ ಹತ್ತಿ ಗಂಟು ಕಲ್ಲಾಗಿತ್ತು. ಹಲ್ಲು ಹಾಕಿ ಬಿಚ್ಚಿದಳು. ತನ್ನದನ್ನೂ ಬಿಚ್ಚಿದಳು. ಎರಡನ್ನೂ ಮಡಚಿ ಅವನ ಕೈಗೆ ಕೊಟ್ಟಳು. ಮಡಚಿ ಕೊಟ್ಟದ್ದು ಅವಳಿಗೆ ಇವತ್ತಿಗೂ ಮೈ ಉರಿಸುತ್ತದೆ.

ಹೆರಿಗೆ ಬೀದಿ ಕೊನೆಯ ಹೆರಿಗೆಮನೆಯಲ್ಲಿ ಆಯಿತು. ಹೆಣ್ಣುಮಗು. ಅಳು ಜೋರಾಗಿತ್ತು, ಅಮ್ಮನಂತೆಯೇ. ಆದರೆ ಹಿಡಿದ ನರ್ಸಮ್ಮ "ಅಯ್ಯೋ" ಎಂದು ಮುಖ ತಿರುಗಿಸಿದಳು. ಹೊಕ್ಕುಳ ಪಕ್ಕದಲ್ಲಿ ಒಂದು ತೂತು. ಕರುಳೆಲ್ಲ ಆ ತೂತಿನಿಂದ ಹೊರಗೆ ಬಂದು, ಹೊಟ್ಟೆಯ ಮೇಲೆ ಮುದ್ದೆಯಾಗಿ, ಮಿಣಮಿಣ ಹೊಳೆಯುತ್ತಿತ್ತು. ನರ್ಸಮ್ಮ ಒಣಬಟ್ಟೆಗೆ ಕೈ ಹಾಕಿದಳು. ಪೂರ್ತಿ ಸುತ್ತಲು. ಮುಖ ಮಾತ್ರ ಬಿಡಲು.

ಅತ್ತಿಗೆಯ ಕೈಗೆ ಆ ಹಳೆಯ ಒದ್ದೆ ಗಂಟು ನೆನಪಾಯಿತು. ಅದೇ ಇದು. ಅವಳು ಬಟ್ಟೆ ಕಿತ್ತುಕೊಂಡಳು. "ಸುತ್ತಬೇಡಿ! ಬದುಕಿರೋ ಮಗೂನ ಹೆಣದ ಹಾಗೆ ಸುತ್ತಬೇಡಿ. ಎಲ್ಲಿಗೆ ಹೋಗಬೇಕು ಹೇಳಿ."

ಪಟಾಕಿಯ ಗಂಡ ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಿದ್ದ. ಹಿಂದಿನ ಸೀಟಿಲ್ಲದ ಜಾಗದಲ್ಲಿ, ಪೆಟ್ಟಿಗೆಗಳ ನಡುವೆ ಪಟಾಕಿಯನ್ನು ಮಲಗಿಸಿ, ಅತ್ತಿಗೆ ಮಗುವನ್ನು ಎದೆಗೆ ಒತ್ತಿ ಕೂತಳು. ಅವನು ದಾರಿಯುದ್ದಕ್ಕೂ ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ಮಕ್ಕಳ ಆಪರೇಷನ್ ಮಾಡುವ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು. ನಿದ್ದೆಗೆಟ್ಟ ಕಣ್ಣು, ಕಾಲಿಗೆ ಒಂದೊಂದು ಬಣ್ಣದ ಕಾಲುಚೀಲ. ಕರುಳಿಗೆ ಬೆಚ್ಚನೆಯ ಉಪ್ಪುನೀರು ಹಾಕಿ, ತೆಳುವಾದ ಪಾರದರ್ಶಕ ಚೀಲದೊಳಗೆ ಇಳಿಸಿ, ಚೀಲದ ಬಾಯಿಯನ್ನು ಹೊಟ್ಟೆಯ ತೂತಿಗೆ ಕೂರಿಸಿ, ತುದಿಯನ್ನು ಮೇಲಿನ ಕಂಬಿಗೆ ತೂಗುಹಾಕಿದಳು. ದಿನಕ್ಕಿಷ್ಟು ಎಂದು ಅದು ತನ್ನ ಭಾರಕ್ಕೆ ತಾನೇ ಒಳಗೆ ಇಳಿಯಬೇಕು. ಪೂರ್ತಿ ಇಳಿದ ಮೇಲೆ ಹೊಲಿಗೆ.

"ಇದು ಬಹಳ ಅಪರೂಪಮ್ಮ" ಎಂದಳು. "ಸಾವಿರಾರು ಹೆರಿಗೆಗೆ ಒಂದು."

"ಬದುಕುತ್ತಾ?"

"ಸೌಕರ್ಯ ಇರೋ ಕಡೆ ಹೆಚ್ಚುಕಮ್ಮಿ ಎಲ್ಲವೂ ಬದುಕ್ತವೆ."

"ಇಲ್ಲಿ?"

ಡಾಕ್ಟರಮ್ಮ ಕನ್ನಡಕ ಒರೆಸಿದಳು. "ಇಲ್ಲಿ ಹೋಗೋವೇ ಜಾಸ್ತಿ. ಬರೋ ಹೊತ್ತಿಗೆ ತಣ್ಣಗಾಗಿರ್ತವೆ, ಕರುಳು ಒಣಗಿರುತ್ತೆ. ಎಷ್ಟೋ ಮಕ್ಕಳು ಇಲ್ಲೀವರೆಗೆ ಬರೋದೇ ಇಲ್ಲ. ಮನೇಲೇ ಸುತ್ತಿ ಇಟ್ಟುಬಿಡ್ತಾರೆ."

"ಅಂದ್ರೆ ಕಾಯಿಲೆ ಒಂದೇ. ಹುಟ್ಟೋ ಜಾಗ ಸರಿಯಿಲ್ಲ."

"ಹಾಗೇ ಅನ್ಕೊಳ್ಳಿ." ಡಾಕ್ಟರಮ್ಮ ಪಟಾಕಿಯ ಕಡೆ ತಿರುಗಿದಳು. "ನೀನು ಏನು ಕೆಲಸ ಮಾಡ್ತೀಯಮ್ಮ?"

"ಮನೇಲೇ ಇರ್ತೀನಿ" ಎಂದಳು ಪಟಾಕಿ. ಅಷ್ಟು ಸಣ್ಣ ದನಿ ಅವಳ ಬಾಯಿಂದ ಅತ್ತಿಗೆ ಎಂದೂ ಕೇಳಿರಲಿಲ್ಲ.

"ನೀವು?"

"ನಾನೂ ಮನೇಲೇ."

ಡಾಕ್ಟರಮ್ಮ ಅತ್ತಿಗೆಯ ಬೆರಳುಗಳನ್ನು ನೋಡಿದಳು. ಹಳದಿ ಪೊರೆ, ಸಿಪ್ಪೆ ಎದ್ದ ತುದಿ. ಮೂಗು ಸ್ವಲ್ಪ ಅರಳಿತು. "ಸರಿ. ಈ ಕಾಯಿಲೆ ಜೊತೆ ನನ್ನ ಹತ್ರ ಬರೋ ತಾಯಂದಿರೆಲ್ಲ ಮನೇಲಿರೋರೇ. ಮನೇಲಿರೋದೇ ಕಾರಣ ಅಂತ ಬರೆದು ಕೈ ತೊಳ್ಕೋಬೇಕು ನಾನು."

ಅವಳು ನಗಲು ಹೇಳಿದ್ದಲ್ಲ. ಅತ್ತಿಗೆ ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಸಂಜೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಾಗ ಆ ಒಂದು ಮಾತು ಅವಳ ತಲೆಯಲ್ಲಿ ಗುಂಗಿಯಂತೆ ಸುತ್ತಿತು. ಅಪರೂಪ. ಸಾವಿರಾರು ಹೆರಿಗೆಗೆ ಒಂದು. ಪಟಾಕಿಯದು ಒಂದು, ನನ್ನದು ಒಂದು. ಒಂದೇ ಬೆಂಚು, ಒಂದೇ ಡಬ್ಬಿ. ಅದೇ ಬೆಂಚಿನಲ್ಲಿ ಕೂರುವ ಮೂಲೆಮನೆಯವಳ ಮಗುವೂ "ಹೊಟ್ಟೆ ಸರಿಯಿಲ್ಲದೆ" ಹೋಯಿತು ಎಂದು ಯಾರೋ ಪಿಸುಗುಟ್ಟಿದ್ದು ನೆನಪಾಯಿತು. ಇಷ್ಟು ಅಪರೂಪದ್ದು ನಮ್ಮ ಬೆಂಚನ್ನೇ ಯಾಕೆ ಹುಡುಕಿಕೊಂಡು ಬರುತ್ತದೆ?

ಅಷ್ಟರಲ್ಲಿ ಮೇಸ್ತ್ರಿ ಬಂದ. ಕೈಯಲ್ಲಿ ಕಿತ್ತಳೆ ಹಣ್ಣು, ಮುಖದಲ್ಲಿ ಸಂತಾಪ.

"ಯಜಮಾನರು ಬಹಳ ನೊಂದ್ಕೊಂಡ್ರು ಅತ್ತಿಗೆ. ಇಬ್ಬರ ಜಾಗಾನೂ ಹಾಗೇ ಇರುತ್ತೆ ಅಂದ್ರು. ಬಾಯಿ ಒಂದು ಭದ್ರ."

"ನಾನು ಯಾವತ್ತು ಬಾಯಿ ಬಿಟ್ಟಿದ್ದೆ ಮೇಸ್ತ್ರಿ?"

"ಅದಕ್ಕೇ ಹೇಳಿದ್ದು, ನೀವು ತಿಳಿದೋರು. ಪಟಾಕಿ ಜಾಗದಲ್ಲಿ ಸದ್ಯಕ್ಕೆ ಹೊಸಬಳನ್ನ ಕೂರಿಸಿದ್ದೀನಿ. ಚುರುಕಾಗಿದ್ದಾಳೆ."

ಹೊಸಬಳು ಎಂದರೆ ಮದುವೆಯಾಗಿ ಆರು ತಿಂಗಳೂ ತುಂಬದ ಹುಡುಗಿ. ಕೆಲವು ದಿನಗಳಿಂದ ಬೆಳಿಗ್ಗೆ ಬೆಳಿಗ್ಗೆ ನಲ್ಲಿಯ ಹತ್ತಿರ ಹೋಗಿ ವಾಂತಿ ಮಾಡಿ, ಬಾಯಿ ಒರೆಸಿಕೊಂಡು ಬಂದು ಕೂರುತ್ತಿದ್ದಳು. ಏಪ್ರನ್ ಗಂಟು ಎಲ್ಲಿ ಹಾಕಬೇಕೆಂದು ಅತ್ತಿಗೆಯನ್ನೇ ಕೇಳಿದ್ದಳು. ಅತ್ತಿಗೆ ನಗುತ್ತ ತೋರಿಸಿಕೊಟ್ಟಿದ್ದಳು.

ಅವಳು ಕಿತ್ತಳೆ ಚೀಲವನ್ನು ಮೇಸ್ತ್ರಿಯ ತೊಡೆಯ ಮೇಲೆ ಇಟ್ಟಳು. "ಮಗು ಇನ್ನೂ ಹಾಲೇ ಕುಡೀತಿಲ್ಲ. ತಗೊಂಡ್ ಹೋಗಿ."

ಎದ್ದು ಒಳಗೆ ಹೋಗಿ ಡಾಕ್ಟರಮ್ಮನಿಗೆ ಎಲ್ಲ ಹೇಳಿಬಿಡಬೇಕೆಂದು ಕಾಲು ತವಕಿಸಿತು. ಆದರೆ ತನ್ನದನ್ನು ಹೇಳಬಹುದು, ಮೂಲೆಮನೆಯವಳದನ್ನು ಹೇಳಲು ತಾನು ಯಾರು? ಹೇಳಿದರೆ ನಾಳೆ ಇಡೀ ಬೆಂಚಿನ ಅನ್ನಕ್ಕೆ ಕಲ್ಲು. ಹೇಳದಿದ್ದರೆ ಹೊಸಬಳು. ರಾತ್ರಿಯಿಡೀ ಇದೇ. ಬೆಳಗಾಗುವಾಗ ಒಂದು ತೀರ್ಮಾನಕ್ಕೆ ಬಂದಳು. ಮೊದಲು ಹೇಳಬೇಕಾದ್ದು ಆಸ್ಪತ್ರೆಗಲ್ಲ, ಬೆಂಚಿಗೆ.

ಅವಳು ಕೆಲಸಕ್ಕೆ ಬಂದದ್ದನ್ನು ನೋಡಿ ಮೇಸ್ತ್ರಿ ಹಿರಿಹಿರಿ ಹಿಗ್ಗಿದ. ಅತ್ತಿಗೆ ಏಪ್ರನ್ ಕಟ್ಟಿದಳು. ಡಬ್ಬಿ ತೆರೆಯಲಿಲ್ಲ. ಚರ್ಮ ಎಳೆಯುವ ಇಕ್ಕಳ ತೆಗೆದುಕೊಂಡು ಸೀದಾ ಕಿಟಕಿಗೆ ಹೋಗಿ ಮೊಳೆ ಕೀಳತೊಡಗಿದಳು. ಕೋಣೆಯಲ್ಲಿ ಗಲಾಟೆ ಎದ್ದಿತು.

"ಅತ್ತಿಗೆ, ದೂಳು ಕೂರುತ್ತೆ!"

"ಕೂರ್ಲಿ."

"ಮಾಲು ವಾಪಸ್ ಬಂದ್ರೆ ಯಾರು ಅನುಭವಿಸೋದು?"

"ಇಷ್ಟು ದಿನ ಅನುಭವಿಸ್ತಿರೋರೇ."

ಮೊಳೆಗಳು ತುಕ್ಕು ಹಿಡಿದಿದ್ದವು. ಒಂದೊಂದೂ ಕಿರುಚಿಕೊಂಡು ಬಂತು. ಮೇಸ್ತ್ರಿ ಕೈ ಹಿಡಿಯಲು ಬಂದಾಗ ಅಜ್ಜಿ ತನ್ನ ದಪ್ಪ ದೇಹವನ್ನು ಅಡ್ಡ ತಂದಳು. "ಮುಟ್ಟಿ ನೋಡು. ನಾನು ಬಸುರಿ ಅಂತ ಕೂಗ್ತೀನಿ."

ಮೊದಲ ಕಿಟಕಿ ತೆರೆಯಿತು. ಆಮೇಲೆ ಎರಡನೆಯದು. ಬೀದಿಯ ಗಾಳಿ, ಬೀದಿಯ ದೂಳು, ಯಾರೋ ತರಕಾರಿ ಮಾರುವವನ ಕೂಗು, ಎಲ್ಲ ಒಟ್ಟಿಗೆ ಒಳಗೆ ಬಂದವು. ಯಾರೂ ಬ್ರಷ್ ಎತ್ತಲಿಲ್ಲ. ಮೇಸ್ತ್ರಿ ಯಜಮಾನನಿಗೆ ಫೋನ್ ಮಾಡಲು ಕೆಳಗೆ ಓಡಿದ.

ಹನ್ನೊಂದಾಯಿತು. ನಗು ಬರಲಿಲ್ಲ.

ಆ ಹೊತ್ತಿಗೆ ಅಷ್ಟು ಸುಮ್ಮನಿದ್ದ ಆ ಕೋಣೆಯನ್ನು ಯಾರೂ ನೋಡಿರಲಿಲ್ಲ. ಒಬ್ಬರ ಮುಖ ಒಬ್ಬರಿಗೆ ಹೊಸದಾಗಿ ಕಂಡಿತು. ಎಷ್ಟು ಸೊರಗಿದ್ದಾರೆ ಎಲ್ಲರೂ.

"ಪಟಾಕಿ ಮಗೂಗೆ ಕರುಳು ಹೊರಗಿದೆ" ಎಂದಳು ಅತ್ತಿಗೆ. "ಅಪರೂಪವಂತೆ. ಸಾವಿರಾರಕ್ಕೆ ಒಂದಂತೆ. ನನ್ನ ಎರಡನೇದಕ್ಕೂ ಹಾಗೇ ಇತ್ತು. ಹೊಟ್ಟೇಲಿ ಹೋಗಲಿಲ್ಲ ಅದು. ಹುಟ್ಟಿ, ಅತ್ತು, ಹೋಯ್ತು. ನಾನು ಸುಳ್ಳು ಹೇಳಿದೆ. ನನ್ನ ಬಸಿರಿಂದು ಅಂತ ನಾಚಿಕೆಯಾಗಿತ್ತು. ಅಷ್ಟೇ ನಾನು ಹೇಳ್ಬೇಕಾಗಿದ್ದು. ಇನ್ಯಾರಿಗಾದ್ರೂ ಹೇಳೋದಿದ್ರೆ ಹೇಳಿ. ಇಲ್ಲ ಅಂದ್ರೆ ನಾನೇ ಕಿಟಕಿ ಮುಚ್ತೀನಿ."

ತರಕಾರಿಯವನ ಕೂಗು ಬೀದಿಯ ಆ ತುದಿಗೆ ಹೋಯಿತು.

"ನಂದೂ" ಎಂದಳು ಮೂಲೆಮನೆಯವಳು. ತಲೆ ಎತ್ತಲಿಲ್ಲ. "ಗಂಡು."

"ನಿಂದೂನಾ?" ಎಂದಳು ಕೊನೆಯ ಬೆಂಚಿನವಳು. ಆಮೇಲೆ ಬಾಯಿ ಮುಚ್ಚಿಕೊಂಡಳು. ಆ ಮೂರು ಅಕ್ಷರದಲ್ಲಿ ಅವಳದೂ ಹೊರಗೆ ಬಂದಿತ್ತು.

ಅಜ್ಜಿ ಸ್ಟೂಲಿನ ಮೇಲೆ ಕುಸಿದು ಕೂತಳು. ಅವಳ ಮಗಳು ಹಿಂದೆ ಇದೇ ಬೆಂಚಿನಲ್ಲಿ ಕೂತವಳು. ಅವಳು ಹಡೆದ ಮಗುವಿಗೂ ಹೀಗೇ ಆಗಿ, ಗಂಡನ ಮನೆಯವರು ಅಪಶಕುನ ಎಂದು ವಾಪಸ್ ಕಳಿಸಿದ್ದರು. "ನಾನೂ ಅವಳನ್ನೇ ಬೈದೆ ಕಣ್ರೇ" ಎಂದಳು ಅಜ್ಜಿ. "ನಾನೂ ಅವಳನ್ನೇ ಬೈದೆ."

ಒಬ್ಬೊಬ್ಬರೂ ತಮ್ಮದೊಂದೇ ಎಂದು ವರ್ಷಗಟ್ಟಲೆ ಮುಚ್ಚಿಟ್ಟುಕೊಂಡಿದ್ದರು. ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತು, ದಿನಾ ಒಟ್ಟಿಗೆ ನಕ್ಕು, ಮುಚ್ಚಿಟ್ಟುಕೊಂಡಿದ್ದರು.

ಹೊಸಬಳು ಎದ್ದು ನಿಂತಳು. ಎರಡೂ ಕೈ ಹೊಟ್ಟೆಯ ಮೇಲಿತ್ತು. "ಅತ್ತಿಗೆ, ನಂಗೆ ಎರಡು ತಿಂಗಳು" ಎಂದಳು. ಆಗಲೇ ಮೇಸ್ತ್ರಿ ಮೆಟ್ಟಿಲು ಹತ್ತಿ ಬಂದ.

"ನೀನೂನಾ? ಸೋಮವಾರ ಸಂದಿನಲ್ಲಿ ದಾಟಿದೆಯಲ್ಲೇ ಕಳ್ಳಿ!"

"ಉಸಿರು ಹಿಡಿದಿದ್ದೆ" ಎಂದಳು ಹುಡುಗಿ. "ಈಗ ಬಿಟ್ಟೆ."

"ಎಲ್ಲರೂ ಕಿಟಕಿ ಮುಚ್ಚಿ ಕೂತ್ಕೊಳ್ಳಿ. ಕೂರದೋರು ಏಪ್ರನ್ ಬಿಚ್ಚಿಟ್ಟು ಇಳೀರಿ. ಯಜಮಾನರ ಮಾತು."

ಅತ್ತಿಗೆ ಅವನ ಎದುರು ಬಂದಳು. ಹೆದರಿಕೆಯಾಗುತ್ತಿತ್ತಂತೆ. "ಇಳೀತೀವಿ" ಎಂದಳು. "ಬಿಚ್ಚಲ್ಲ."

"ಏನಂದ್ರಿ?"

"ಏಪ್ರನ್ ಬಿಚ್ಚಲ್ಲ. ಹೆಸರು ಕಾಣ್ಲಿ."

ಎಲ್ಲರೂ ಇಳಿಯಲಿಲ್ಲ. ಅದನ್ನೂ ಹೇಳಬೇಕು. ಅರ್ಧಕ್ಕಿಂತ ಹೆಚ್ಚು ಜನ ಕಣ್ಣು ತಗ್ಗಿಸಿ ಕೂತರು. ಮನೆಯಲ್ಲಿ ಒಲೆ ಉರಿಯಬೇಕಾದವರು, ಅವರನ್ನು ದೂರಲು ನನಗೆ ಬಾಯಿಲ್ಲ. ಅತ್ತಿಗೆ, ಮೂಲೆಮನೆಯವಳು, ಕೊನೆಯ ಬೆಂಚಿನವಳು, ಅಜ್ಜಿ, ಹೊಸಬಳು, ಇಷ್ಟು ಜನ ಇಳಿದರು. ಅಜ್ಜಿ ಹೋಗುವಾಗ ಸಂದಿನ ಪೆಟ್ಟಿಗೆ ಗೋಡೆಗೆ ಬೇಕೆಂದೇ ಸೊಂಟ ತಾಗಿಸಿದಳು. ಅಷ್ಟೂ ಪೆಟ್ಟಿಗೆಗಳು ದಡಬಡ ಉರುಳಿ ಮೇಸ್ತ್ರಿಯ ಕಾಲ ಮೇಲೆ ಬಿದ್ದವು. "ಅಯ್ಯೋ, ಅಲುಗಿಬಿಡ್ತು. ನನ್ನ ಕೆಲಸ ಹೋಯ್ತಲ್ಲಪ್ಪಾ" ಎಂದಳು.

ಬೀದಿಯಲ್ಲಿ ಜನ ತಿರುಗಿ ನೋಡಿದರು. ಬಸ್ಸಿನಲ್ಲಿ ಒಬ್ಬ ಮೂಗು ಮುಚ್ಚಿಕೊಂಡು ಸೀಟು ಬಿಟ್ಟು ಎದ್ದ. ಅಜ್ಜಿ ಅಲ್ಲೇ ಕೂತು, "ಬನ್ರೇ, ಒಳ್ಳೆ ವಾಸನೆ, ಸೀಟು ಕೊಡಿಸುತ್ತೆ" ಎಂದಳು. ಆಸ್ಪತ್ರೆಯ ಬಾಗಿಲಲ್ಲಿ ಆಯಾ, "ಈ ನಾತ ಇಟ್ಕೊಂಡು ಮಕ್ಕಳ ವಾರ್ಡಿಗಾ?" ಎಂದು ಅಡ್ಡ ಹಾಕಿದಳು.

"ಈ ನಾತ ತೋರಿಸೋಕೇ ಬಂದಿರೋದು ತಾಯಿ" ಎಂದಳು ಅತ್ತಿಗೆ. "ಡಾಕ್ಟರಮ್ಮನ ಕರೀರಿ."

ಡಾಕ್ಟರಮ್ಮ ಹೊರಗೆ ಬಂದಳು. ಸಾಲಾಗಿ ನಿಂತವರನ್ನು ನೋಡಿದಳು, ಏಪ್ರನ್ ಮೇಲಿನ ಹೆಸರು ಓದಿದಳು. ಮೆಲ್ಲಗೆ ಕೇಳಿದಳು, "ಏನು ಕೆಲಸ ಮಾಡ್ತೀರಮ್ಮ?"

"ಅಟ್ಟೆ ಅಂಟಿಸ್ತೀನಿ" ಎಂದಳು ಅತ್ತಿಗೆ. "ಒಳಗಿರೋಳೂ ಅಟ್ಟೆ ಅಂಟಿಸ್ತಾಳೆ. ಮನೇಲಿರಲ್ಲ."

"ಅಟ್ಟೆ ಅಂಟಿಸ್ತೀನಿ" ಎಂದಳು ಮೂಲೆಮನೆಯವಳು. ಕೊನೆಯ ಬೆಂಚಿನವಳೂ ಹೇಳಿದಳು. ಒಳಗೆ ಮಗುವಿನ ಪಕ್ಕ ಮಲಗಿದ್ದ ಪಟಾಕಿಗೆ ಕೇಳಿಸಿರಬೇಕು. ಅಲ್ಲಿಂದಲೇ, ತನ್ನ ಹಳೆಯ ಗಂಟಲಲ್ಲಿ, ವಾರ್ಡು ಕಿತ್ತುಹೋಗುವ ಹಾಗೆ ಕೂಗಿದಳು, "ನಾನೂ! ಮುಂಚೆನೇ ಹೇಳ್ತಿದ್ದೆ, ನಮ್ಮ ಅತ್ತಿಗೆ ಎರಡೇ ಮಾತಿಗೆ ಬಿಟ್ಟಿದ್ದು!"

ಡಾಕ್ಟರಮ್ಮ ಅವರನ್ನು ಕೂರಿಸಿ ಒಬ್ಬೊಬ್ಬರ ಮಾತನ್ನೂ ಪೂರ್ತಿ ಕೇಳಿದಳು. ಅಜ್ಜಿಯ ಮಗಳದನ್ನೂ ಕೇಳಿದಳು. ಯಾರ ಮಗು ಎಷ್ಟು ಹೊತ್ತು ಇತ್ತು, ಯಾರು ನೋಡಿದರು, ಯಾರು ಸುತ್ತಿದರು. ಎಲ್ಲ ಮುಗಿದ ಮೇಲೆ ಬರೆದುಕೊಂಡದ್ದನ್ನು ಮೊದಲಿನಿಂದ ಓದಿದಳು. "ನೋಡಿ, ಈ ಅಂಟಿನಿಂದಲೇ ಆಯ್ತು ಅಂತ ನಾನು ಇವತ್ತು ಹೇಳೋಕಾಗಲ್ಲ. ಪರೀಕ್ಷೆ ಆಗ್ಬೇಕು. ದೊಡ್ಡವರಿಗೆ ತಿಳಿಸ್ತೀನಿ, ಬಂದು ನೋಡೋಕೆ ಹೇಳ್ತೀನಿ. ಸುಳ್ಳು ಭರವಸೆ ಕೊಡೋಕೆ ನನಗಿಷ್ಟ ಇಲ್ಲ."

"ಹೇಳ್ಬೇಡಿ" ಎಂದಳು ಅತ್ತಿಗೆ. "ಗೊತ್ತಾಗೋವರೆಗೂ ಹೇಳ್ಬೇಡಿ. ಆದ್ರೆ ಅಪರೂಪ ಅಂತಾನೂ ಇನ್ಮೇಲೆ ಹೇಳ್ಬೇಡಿ."

ನಡೆದದ್ದು ಇಷ್ಟು.

ಕಾರ್ಖಾನೆ ನೋಡಲು ಬಂದ ಅಧಿಕಾರಿಗಳಿಗೆ ಬೀಗ ಹಾಕಿದ ಬಾಗಿಲು ಸಿಕ್ಕಿತು. ಯಜಮಾನ ಡಬ್ಬಿ, ಬೆಂಚು ಎಲ್ಲ ಸಾಗಿಸಿದ್ದ. ಬೇರೆ ಯಾವುದೋ ಬೀದಿಯಲ್ಲಿ ಕೋಣೆ ಹಿಡಿದಿದ್ದಾನೆ ಎನ್ನುತ್ತಾರೆ. ಎಲ್ಲಿ, ಅಲ್ಲಿ ಕಿಟಕಿ ಇದೆಯೋ ಇಲ್ಲವೋ, ಅಲ್ಲಿ ಯಾರು ಕೂತು ನಗುತ್ತಿದ್ದಾರೆ, ಗೊತ್ತಿಲ್ಲ. ಅತ್ತಿಗೆಗೆ ಒಂದು ಶಾಲೆಯಲ್ಲಿ ನೆಲ ಒರೆಸುವ ಕೆಲಸ ಸಿಕ್ಕಿದೆ. ಮೂಲೆಮನೆಯವಳಿಗೆ ಇನ್ನೂ ಏನೂ ಸಿಕ್ಕಿಲ್ಲ. ಕೆಲಸ ಕಳೆದುಕೊಂಡ ಕೆಲವರು ಅತ್ತಿಗೆಯ ಜೊತೆ ಮಾತು ಬಿಟ್ಟಿದ್ದಾರೆ. ಅವರು ಮತ್ತೆ ಮಾತಾಡುತ್ತಾರೋ ಇಲ್ಲವೋ, ಅದೂ ಗೊತ್ತಿಲ್ಲ.

ಪಟಾಕಿಯ ಮಗಳ ಕರುಳು ಪೂರ್ತಿ ಒಳಗಿಳಿದು ಹೊಲಿಗೆ ಬಿದ್ದಿದೆ. ಮೊನ್ನೆ ಒಂದು ಚಮಚ ಹಾಲು ಕುಡಿದು, ಅರ್ಧ ವಾಂತಿ ಮಾಡಿ, ಅರ್ಧ ಉಳಿಸಿಕೊಂಡಳು. ಡಾಕ್ಟರಮ್ಮ ಇನ್ನೂ ಏನೂ ಹೇಳುವುದಿಲ್ಲ ಎನ್ನುತ್ತಾಳೆ. ಹೇಳುವಾಗ ಸ್ವಲ್ಪ ನಗುತ್ತಾಳಂತೆ. ಆ ನಗುವನ್ನು ನಂಬಬಹುದೋ ಎಂದು ಅತ್ತಿಗೆ ನನ್ನನ್ನು ಕೇಳಿದಳು.

ಅಂಟೇ ಕಾರಣವೋ, ಗೊತ್ತಿಲ್ಲ. ಬಟ್ಟೆಯಲ್ಲಿ ಸುತ್ತಿಹೋದ ಮಕ್ಕಳು ಇಂಥ ಬೀದಿಗಳಲ್ಲಿ ಇನ್ನೆಷ್ಟು, ಯಾರಿಗೂ ಗೊತ್ತಿಲ್ಲ. ಹೊಸಬಳಿಗೆ ಈಗ ಹೊಟ್ಟೆ ಕಾಣತೊಡಗಿದೆ. ಮುಚ್ಚದೆ ಓಡಾಡುತ್ತಾಳೆ. ನಾಳೆ ಬೆಳಿಗ್ಗೆ ಅವಳನ್ನು ಸ್ಕ್ಯಾನಿಂಗಿಗೆ ಕರೆದಿದ್ದಾರೆ, ಅತ್ತಿಗೆ ಜೊತೆಗೆ ಹೋಗುತ್ತಾಳೆ. ಅಲ್ಲಿ ಏನು ಕಾಣುತ್ತದೋ, ನನಗೆ ಗೊತ್ತಿಲ್ಲ.